ಇಂಡಿಯನ್ ಓಪನ್ ಗೆದ್ದು ಜಗತ್ತಿನ ಕಣ್ಣಿಗೆ ಬಿದ್ದ ನಿಕ್ಕರ್ ಗಾಲ್ಫರ್: ಪೇನ್ ಸ್ಟೀವರ್ಟ್ ಬದುಕಿನ ಕಥೆ

ಗಾಲ್ಫ್ ಅಂದರೆ ನಮ್ಮಲ್ಲಿ ಬಹಳ ಮಂದಿಗೆ ಅದೊಂದು ಆಟಕ್ಕಿಂತ ಹೆಚ್ಚಾಗಿ ವಿಳಾಸ. ಬೆಂಗಳೂರಿನ ಹೈಗ್ರೌಂಡ್ಸ್ ಕಡೆ ಹೋಗುವವರಿಗೆ ಗಾಲ್ಫ್ ಕ್ಲಬ್ ಅಂದರೆ ಸ್ಯಾಂಕಿ ರಸ್ತೆಯ ಪಕ್ಕದ ಹಸಿರು ಬೇಲಿ. ಅದು 1876ರಿಂದ ಅಲ್ಲೇ ಇದೆ, ಒಳಗೆ ಹೋಗಿ ನೋಡಿದವರು ಮಾತ್ರ ಕಡಿಮೆ. ಮಹಾರಾಷ್ಟ್ರದ ನಾಶಿಕ್‌ಗೆ ಹೋದರೆ ಇನ್ನೂ ತಮಾಷೆ. ಅಲ್ಲಿ ಗಾಲ್ಫ್ ಕ್ಲಬ್ ಮೈದಾನ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಆದರೆ ಅಲ್ಲಿ ನಡೆಯುವುದು ರಣಜಿ ಕ್ರಿಕೆಟ್! ಮೈದಾನದ ಅಧಿಕೃತ ಹೆಸರು ಹುತಾತ್ಮ ಅನಂತ ಕಾನ್ಹೇರೆ ಮೈದಾನ. ಔರಂಗಾಬಾದ್‌ನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ ಓದುತ್ತಿದ್ದ ಹುಡುಗ ನಾಶಿಕ್‌ಗೆ ಬಂದು ಬ್ರಿಟಿಷ್ ಕಲೆಕ್ಟರ್ ಜಾಕ್ಸನ್‌ಗೆ ಗುಂಡಿಟ್ಟು, 1910ರಲ್ಲಿ ಗಲ್ಲಿಗೇರಿದ ಕಥೆ ಆ ಹೆಸರಿನ ಹಿಂದಿದೆ. ಗಾಲ್ಫ್ ಮಾತ್ರ ಜನರ ನಾಲಿಗೆಯ ಮೇಲೆ ಹೆಸರಾಗಿ ಉಳಿದುಕೊಂಡಿದೆ.

ಇಂಥ ನಮ್ಮ ದೇಶದಲ್ಲೇ 1981ರಲ್ಲಿ ಒಬ್ಬ ಅಮೆರಿಕನ್ ಯುವಕ ಇಂಡಿಯನ್ ಓಪನ್ ಪ್ರಶಸ್ತಿ ಎತ್ತಿ ಹಿಡಿದ. ಆಗ ಅವನ ಹೆಸರು ಅಮೆರಿಕದಲ್ಲೇ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷಗಳ ನಂತರ ಅವನು ಕುಳಿತಿದ್ದ ವಿಮಾನ ಮಾತಿಲ್ಲದೆ ಆಕಾಶದಲ್ಲಿ ಹಾರುತ್ತಿದ್ದಾಗ, ಇಡೀ ಅಮೆರಿಕ ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತಿತ್ತು.

ಅವರೇ ಪೇನ್ ಸ್ಟೀವರ್ಟ್.

ಅಪ್ಪ ಹಾಕುತ್ತಿದ್ದ ಕೋಟು

ವಿಲಿಯಂ ಪೇನ್ ಸ್ಟೀವರ್ಟ್ ಹುಟ್ಟಿದ್ದು 1957ರ ಜನವರಿ 30ರಂದು, ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಇಬ್ಬರು ಅಕ್ಕಂದಿರ ನಂತರ ಹುಟ್ಟಿದ ಮಗ. ಅಪ್ಪ ಬಿಲ್ ಸ್ಟೀವರ್ಟ್ ಊರೂರು ಸುತ್ತುವ ಸೇಲ್ಸ್‌ಮನ್. ವ್ಯಾಪಾರ ಅವರ ಹೊಟ್ಟೆಪಾಡು, ಗಾಲ್ಫ್ ಅವರ ಪ್ರಾಣ. ಹವ್ಯಾಸಿ ಆಟಗಾರರಾಗಿದ್ದರೂ ರಾಜ್ಯ ಮಟ್ಟದ ಪ್ರಶಸ್ತಿ ಗೆದ್ದವರು. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಲಿಂಪಿಕ್ ಕ್ಲಬ್‌ನಲ್ಲಿ ನಡೆದ ಯುಎಸ್ ಓಪನ್‌ನಲ್ಲೂ ಆಡಿದ್ದರು. ಈ ಕ್ಲಬ್ಬಿನ ಹೆಸರು ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಬಿಲ್ ಹಾಕುತ್ತಿದ್ದ ಕೋಟುಗಳು ಕಣ್ಣು ಕುಕ್ಕುವ ಬಣ್ಣದವು. ಗಿರಾಕಿ ಮುಂದೆ ಹೋಗಿ ನಿಂತರೆ ಅವನು ಮತ್ತೆ ಮರೆಯಬಾರದು ಎಂಬುದು ಅವರ ಲೆಕ್ಕ. ಎಲ್ಲರಿಗಿಂತ ಬೇರೆ ಕಾಣುವಂತೆ ಉಡುಪು ತೊಟ್ಟರೆ ಜನ ನೆನಪಿಟ್ಟುಕೊಳ್ಳುತ್ತಾರೆ ಎಂದು ಮಗನಿಗೂ ಹೇಳಿಕೊಟ್ಟರು. ಹುಡುಗನ ಕೈಗೆ ಗಾಲ್ಫ್ ಕೋಲು ಕೊಟ್ಟವರೂ ಅವರೇ. ಊರಿನ ಹಿಕರಿ ಹಿಲ್ಸ್ ಕ್ಲಬ್ಬಿನಲ್ಲಿ ಅಪ್ಪ-ಮಗ ಜೊತೆಯಾಗಿ ಆಡಿದ ಸಂಜೆಗಳೇ ಪೇನ್‌ಗೆ ಮೊದಲ ಪಾಠಶಾಲೆ.

ಮುಂದೆ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. 1979ರಲ್ಲಿ ಪದವಿ. ಅದೇ ವರ್ಷ ಮಿಸೌರಿ ಅಮೆಚೂರ್ ಪ್ರಶಸ್ತಿಯೂ ಬಂತು. ಮುಂದಿನ ಹೆಜ್ಜೆ ವೃತ್ತಿಪರ ಆಟಗಾರನಾಗುವುದು, ಪಿಜಿಎ ಟೂರ್‌ಗೆ ಕಾಲಿಡುವುದು.

ಆದರೆ ಅದು ಕೇಳಿದಷ್ಟು ಸುಲಭವಲ್ಲ. ಅಮೆರಿಕದ ಪಿಜಿಎ ಟೂರ್‌ನಲ್ಲಿ ಆಡಬೇಕಾದರೆ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಕ್ವಾಲಿಫೈಯಿಂಗ್ ಸ್ಕೂಲ್ ಎಂದು ಹೆಸರು. ನಮ್ಮ ಐಎಎಸ್ ಪರೀಕ್ಷೆಯ ಹಾಗೆ ಸಾವಿರ ಕನಸು, ಬೆರಳೆಣಿಕೆಯ ಸೀಟು. ಪೇನ್ ಫೇಲಾದರು. ಕೈಯಲ್ಲಿ ಪದವಿ ಇದೆ, ಆಟ ಇದೆ, ಆಡಲು ಟೂರ್ ಇಲ್ಲ. ಹೊಟ್ಟೆಪಾಡಿಗೆ ಎಲ್ಲಿಗೆ ಹೋಗಬೇಕು?

ಅವರು ಏಷ್ಯಾದ ವಿಮಾನ ಹತ್ತಿದರು.

ಏಷ್ಯಾದ ಅಲೆಮಾರಿ ಬದುಕು

ಇಲ್ಲಿ ಸ್ವಲ್ಪ ನಿಂತು ಏಷ್ಯಾ ಗಾಲ್ಫ್ ಸರ್ಕ್ಯೂಟ್ ಬಗ್ಗೆ ಹೇಳಲೇಬೇಕು. 1960ರ ದಶಕದ ಆರಂಭದಲ್ಲಿ ಫಾರ್ ಈಸ್ಟ್ ಸರ್ಕ್ಯೂಟ್ ಎಂಬ ಹೆಸರಿನಲ್ಲಿ ಶುರುವಾದ ಸರಣಿ ಇದು. ಬೇರೆ ಬೇರೆ ದೇಶಗಳ ಓಪನ್ ಟೂರ್ನಿಗಳನ್ನು ಒಂದಾದ ಮೇಲೊಂದರಂತೆ ಪೋಣಿಸಿದರೆ ಆಟಗಾರರು ವಾರಕ್ಕೊಂದು ಊರು ಎಂಬಂತೆ ಆಡುತ್ತಾ ಹೋಗಬಹುದು ಎಂಬುದು ಯೋಜನೆ. ಅದರ ಹಿಂದಿದ್ದವರಲ್ಲಿ ಪ್ರಮುಖರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ ಐದು ಬಾರಿ ಗೆದ್ದ ದಿಗ್ಗಜ. ಭಾರತದಲ್ಲೂ ಇಂಥ ಟೂರ್ನಿ ಆಗಬೇಕು ಎಂದು ಒತ್ತಾಯಿಸಿ, 1964ರಲ್ಲಿ ಮೊದಲ ಇಂಡಿಯನ್ ಓಪನ್ ನಡೆದಾಗ ತಾವೇ ಆಡಿ ತಾವೇ ಗೆದ್ದರು! ಇದೇ ಥಾಮ್ಸನ್ ಮುಂದೆ ಗಾಲ್ಫ್ ಅಂಗಳಗಳ ವಿನ್ಯಾಸಕರಾದರು. ಬೆಂಗಳೂರಿನ ದೊಮ್ಮಲೂರು ಬಳಿ ಇರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಂಗಳ ಅವರದೇ ವಿನ್ಯಾಸ. ಹಳೆಯ ಏರ್‌ಪೋರ್ಟ್ ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡವರು ಇನ್ನು ಮುಂದೆ ಆ ಕಡೆ ನೋಡಿದಾಗ ನೆನಪಿಸಿಕೊಳ್ಳಬಹುದು.

1965ರಲ್ಲಿ ಎರಡನೇ ಇಂಡಿಯನ್ ಓಪನ್ ಗೆದ್ದವರು ನಮ್ಮವರೇ, ಪಿ.ಜಿ. ಸೇಥಿ. ಬಿಲ್ಲೂ ಸೇಥಿ ಎಂದೇ ಪರಿಚಿತರು. ವಿಶೇಷ ಏನೆಂದರೆ ಅವರು ಸಂಬಳ, ಬಹುಮಾನದ ಹಣ ಮುಟ್ಟದ ಹವ್ಯಾಸಿ ಆಟಗಾರ. ಅದಾದ ಮೇಲೆ ಭಾರತೀಯರಿಗೆ ಈ ಕಪ್ ಮತ್ತೆ ಸಿಗಲು 1991ರವರೆಗೆ ಕಾಯಬೇಕಾಯಿತು. ನಡುವಿನ ಕಾಲು ಶತಮಾನ ಕಪ್ ವಿದೇಶಿಯರ ಕೈಯಲ್ಲೇ ಓಡಾಡಿತು. 1970ರ ಹೊತ್ತಿಗೆ ಇಂಡಿಯನ್ ಓಪನ್ ಕೂಡ ಏಷ್ಯಾ ಸರ್ಕ್ಯೂಟ್‌ನ ಒಂದು ನಿಲ್ದಾಣವಾಗಿತ್ತು.

ಫಿಲಿಪ್ಪೀನ್ಸ್, ಹಾಂಕಾಂಗ್, ಥಾಯ್ಲೆಂಡ್, ಸಿಂಗಪುರ, ಮಲೇಷ್ಯಾ, ಭಾರತ, ಇಂಡೋನೇಷ್ಯಾ, ತೈವಾನ್, ಕೊರಿಯಾ, ಕೊನೆಗೆ ಜಪಾನ್. ಚಳಿಗಾಲ ಮುಗಿಯುವ ಹೊತ್ತಿಗೆ ಶುರುವಾಗಿ ಬೇಸಿಗೆಯವರೆಗೆ ಈ ಮೆರವಣಿಗೆ. ಭಾನುವಾರ ಸಂಜೆ ಆಟ ಮುಗಿದರೆ ಸೋಮವಾರ ಇನ್ನೊಂದು ದೇಶದ ವಿಮಾನ ನಿಲ್ದಾಣ. ಬೇರೆ ನೀರು, ಬೇರೆ ಊಟ, ಬೇರೆ ಸೆಕೆ. ಹುಲ್ಲು ಕೂಡ ಬೇರೆ. ಚೆಂಡು ಉರುಳುವ ವೇಗ ಪ್ರತಿ ವಾರ ಬದಲಾಗುತ್ತದೆ. ಕಟ್ ದಾಟದಿದ್ದರೆ, ಅಂದರೆ ಎರಡು ದಿನದ ಆಟದ ನಂತರ ಮುಂದುವರಿಯುವವರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ, ಆ ವಾರ ಕೈಗೆ ಬಿಡಿಗಾಸೂ ಇಲ್ಲ. ಹೋಟೆಲ್ ಬಿಲ್ಲು ಮಾತ್ರ ಕಟ್ಟಬೇಕು. ಎದುರಿಗೆ ತೈವಾನ್‌ನ ಪಳಗಿದ ಆಟಗಾರರು. ಈ ಅಂಗಳಗಳ ಒಂದೊಂದು ಹುಲ್ಲುಕಡ್ಡಿಯನ್ನೂ ಬಲ್ಲವರು. ಅಮೆರಿಕದಿಂದ ಬಂದ ಹುಡುಗರಿಗೆ ಇಲ್ಲಿ ಗೆಲ್ಲುವುದಿರಲಿ, ಬದುಕುವುದೇ ಸಾಧನೆಯಾಗಿತ್ತು.

1980ರಲ್ಲಿ ಮಲೇಷ್ಯಾದ ಕೌಲಾಲಂಪುರದಲ್ಲಿ ಪೇನ್‌ಗೆ ಪ್ರಶಸ್ತಿ ಸಿಗಲಿಲ್ಲ. ಆದರೆ ಟ್ರೇಸಿ ಫರ್ಗುಸನ್ ಸಿಕ್ಕಳು. ಆಸ್ಟ್ರೇಲಿಯಾದ ಹುಡುಗಿ. ಟೂರ್ನಿಯ ಸಂದರ್ಭದಲ್ಲಾದ ಪರಿಚಯ ಪ್ರೀತಿಯಾಗಿ, 1981ರ ನವೆಂಬರ್‌ನಲ್ಲಿ ಮದುವೆಯೂ ಆಯಿತು.

ಆ 1981ನೇ ಇಸವಿಯೇ ಪೇನ್ ಬದುಕಿನ ತಿರುವು. ಏಷ್ಯಾ ಸರ್ಕ್ಯೂಟ್‌ನ ಒಂದೇ ಋತುವಿನಲ್ಲಿ ಎರಡು ಪ್ರಶಸ್ತಿ. ಒಂದು ಇಂಡಿಯನ್ ಓಪನ್, ಇನ್ನೊಂದು ಇಂಡೋನೇಷ್ಯಾ ಓಪನ್. ಎರಡು ವರ್ಷದ ಹಿಂದೆ ತವರಿನಲ್ಲಿ ನಪಾಸಾಗಿದ್ದ 24ರ ಯುವಕನಿಗೆ ತಾನು ಗೆಲ್ಲಬಲ್ಲೆ ಎಂದು ಮೊದಲು ತೋರಿಸಿಕೊಟ್ಟದ್ದು ಈ ನೆಲ. ಎರಡು ವರ್ಷದ ಏಷ್ಯಾ ವಾಸದ ನಂತರ ಪಿಜಿಎ ಟೂರ್ ಕಾರ್ಡ್ ಕೈಗೆ ಬಂತು. ಕ್ವಾಲಿಫೈಯಿಂಗ್ ಸ್ಕೂಲ್‌ನಲ್ಲಿ ಮೊದಲ ಸಲವೇ ಪಾಸಾಗಿದ್ದರೆ ಈ ಆಟಗಾರ ಇಷ್ಟು ಗಟ್ಟಿಯಾಗುತ್ತಿದ್ದರೇ ಎಂಬ ಅನುಮಾನ ನನ್ನದು.

ಅಪ್ಪ ಕಂಡ ಗೆಲುವು

1982ರಲ್ಲಿ ಕ್ವಾಡ್ ಸಿಟೀಸ್ ಓಪನ್. ಪಿಜಿಎ ಟೂರ್‌ನಲ್ಲಿ ಪೇನ್‌ಗೆ ಮೊದಲ ಗೆಲುವು. ಪ್ರೇಕ್ಷಕರ ನಡುವೆ ಅಪ್ಪ ಬಿಲ್ ಇದ್ದರು. ಮಗ ಟೂರ್‌ನಲ್ಲಿ ಗೆಲ್ಲುವುದನ್ನು ಅವರು ಕಣ್ಣಾರೆ ಕಂಡದ್ದು ಅದೊಂದೇ ಬಾರಿ. 1985ರಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ಯಿತು.

ಅಪ್ಪನ ಕೋಟಿನ ಪಾಠವನ್ನು ಮಗ ಆ ಹೊತ್ತಿಗೆ ತನ್ನದೇ ರೀತಿಯಲ್ಲಿ ಅಳವಡಿಸಿಕೊಂಡಿದ್ದರು. ಮೊಣಕಾಲಿನ ಕೆಳಗೆ ಬಿಗಿಯುವ ನಿಕ್ಕರ್, ಉದ್ದನೆಯ ಕಾಲುಚೀಲ, ತಲೆಗೆ ಚಪ್ಪಟೆ ಟೋಪಿ. 1920ರ ದಶಕದ ಗಾಲ್ಫರ್‌ಗಳ ವೇಷ! ಎಲ್ಲರೂ ಒಂದೇ ಬಗೆಯ ಪ್ಯಾಂಟು ತೊಟ್ಟು ಆಡುತ್ತಿದ್ದ ಕಾಲದಲ್ಲಿ ಅರ್ಧ ಮೈಲಿ ದೂರದಿಂದ ನೋಡಿದರೂ ಅದು ಪೇನ್ ಎಂದು ಗೊತ್ತಾಗುತ್ತಿತ್ತು. ಮುಂದೆ ಅಮೆರಿಕನ್ ಫುಟ್ಬಾಲ್ ಲೀಗ್ ಜೊತೆ ಒಪ್ಪಂದವಾಗಿ, ಆಡುವ ಊರಿನ ತಂಡದ ಬಣ್ಣದ ಉಡುಪು ಹಾಕತೊಡಗಿದರು. ತಮಾಷೆ ಎಂದರೆ, ಟೋಪಿ ತೆಗೆದು ಮಾಮೂಲಿ ಪ್ಯಾಂಟು ಹಾಕಿಕೊಂಡು ಹೊರಟರೆ ಅಭಿಮಾನಿಗಳಿಗೂ ಅವರ ಗುರುತು ಸಿಗುತ್ತಿರಲಿಲ್ಲ. ಖ್ಯಾತಿಯನ್ನು ಬಟ್ಟೆಯ ಜೊತೆ ಕಳಚಿಡುವ ಭಾಗ್ಯ ಎಷ್ಟು ಜನರಿಗಿದೆ?

ಆದರೆ ಗೆಲುವು ಬಟ್ಟೆ ನೋಡಿ ಬರುವುದಿಲ್ಲವಲ್ಲ. 1983ರಲ್ಲಿ ಡಿಸ್ನಿ ಟೂರ್ನಿ ಗೆದ್ದ ಮೇಲೆ ಮೂರು ವರ್ಷ ಬರಗಾಲ. ಪದೇಪದೇ ಎರಡನೇ ಸ್ಥಾನ. 1985ರ ಬ್ರಿಟಿಷ್ ಓಪನ್‌ನಲ್ಲೂ ಒಂದೇ ಹೊಡೆತದಿಂದ ಸೋಲು. ಸಹ ಆಟಗಾರರು ಅವರಿಗೆ ಏವಿಸ್ ಎಂದು ಅಡ್ಡಹೆಸರಿಟ್ಟರು. ತಾನು ಎರಡನೇ ಸ್ಥಾನದಲ್ಲಿದ್ದೇನೆ ಎಂದೇ ಜಾಹೀರಾತು ಮಾಡಿ ಹೆಸರಾಗಿದ್ದ ಕಾರು ಬಾಡಿಗೆ ಕಂಪನಿ ಅದು.

ಆ ಬರಗಾಲ ಮುಗಿದದ್ದು 1987ರಲ್ಲಿ, ಫ್ಲಾರಿಡಾದ ಬೇ ಹಿಲ್ ಟೂರ್ನಿಯಲ್ಲಿ. ಬಹುಮಾನದ ಮೊತ್ತ 1,08,000 ಡಾಲರ್. ಅಷ್ಟನ್ನೂ ಅಪ್ಪನ ನೆನಪಿಗೆ ಆಸ್ಪತ್ರೆಯೊಂದಕ್ಕೆ ಕೊಟ್ಟುಬಿಟ್ಟರು. ಮೂರು ವರ್ಷಕ್ಕೂ ಹೆಚ್ಚು ಕಾಲ ಗೆಲುವಿಗಾಗಿ ಬಾಯಿಬಿಟ್ಟು ಕೂತಿದ್ದ ಮನುಷ್ಯ ಮೊದಲು ಸಿಕ್ಕ ಚೆಕ್ಕನ್ನು ಹೀಗೆ ಕೊಟ್ಟದ್ದು ಆಗ ಹಲವರಿಗೆ ಅಚ್ಚರಿ ತಂದಿತ್ತು.

ಗೆದ್ದರು, ಆದರೆ ಎಲ್ಲರಿಗೂ ಇಷ್ಟವಾಗಲಿಲ್ಲ

1989ರ ಪಿಜಿಎ ಚಾಂಪಿಯನ್‌ಷಿಪ್ ಶಿಕಾಗೋ ಬಳಿಯ ಕೆಂಪರ್ ಲೇಕ್ಸ್‌ನಲ್ಲಿ ನಡೆಯಿತು. ಗಾಲ್ಫ್‌ನ ನಾಲ್ಕು ಮೇಜರ್‌ಗಳಲ್ಲಿ ಇದೂ ಒಂದು. ಕೊನೆಯ ದಿನ ಶುರುವಾದಾಗ ಪೇನ್ ಮುಂಚೂಣಿಯಲ್ಲಿದ್ದವರಿಗಿಂತ ಆರು ಹೊಡೆತ ಹಿಂದಿದ್ದರು. ಅಂದು ಹಾಕಿದ್ದು ಶಿಕಾಗೋ ಬೇರ್ಸ್ ತಂಡದ ಬಣ್ಣ. ಕೊನೆಯ ಒಂಬತ್ತು ಹೋಲ್‌ಗಳನ್ನು 31 ಹೊಡೆತಗಳಲ್ಲಿ ಮುಗಿಸಿ ಕಾಯುತ್ತಾ ಕೂತರು. ಅತ್ತ ಮುನ್ನಡೆಯಲ್ಲಿದ್ದ ಮೈಕ್ ರೀಡ್ ಕೊನೆಯ ಹೋಲ್‌ಗಳಲ್ಲಿ ಕುಸಿದರು. ಒಂದೇ ಹೊಡೆತದ ಅಂತರದಿಂದ ಕಪ್ ಪೇನ್ ಪಾಲಾಯಿತು.

ಆದರೆ ರೀಡ್ ಅತ್ತ ಸೋಲುತ್ತಿರುವಾಗ ಇತ್ತ ಕ್ಯಾಮೆರಾ ಮುಂದೆ ಪೇನ್ ಕುಣಿದಾಡಿದ್ದು ಜನರಿಗೆ ಹಿಡಿಸಲಿಲ್ಲ. ಸೊಕ್ಕಿನ ಹುಡುಗ ಎಂಬ ಮಾತು ಬಂತು. ಅದರಲ್ಲಿ ಸುಳ್ಳೂ ಇರಲಿಲ್ಲ. ಆ ದಿನಗಳ ಪೇನ್ ಮಾತಿನಲ್ಲಿ ಒರಟು, ಸೋತಾಗ ಸಿಡುಕು. ಮುಂದಿನ ಹತ್ತು ವರ್ಷದ ಕಥೆ ಓದುವಾಗ ಈ ಭಾನುವಾರ ನೆನಪಿರಬೇಕು.

1991ರಲ್ಲಿ ಕುತ್ತಿಗೆಯ ಡಿಸ್ಕ್ ತೊಂದರೆಯಿಂದ ಮಾಸ್ಟರ್ಸ್ ಟೂರ್ನಿ ಆಡಲಾಗಲಿಲ್ಲ. ಎರಡೇ ತಿಂಗಳಲ್ಲಿ ಮಿನ್ನೆಸೋಟಾದ ಹೇಜಲ್ಟೀನ್‌ನಲ್ಲಿ ಯುಎಸ್ ಓಪನ್. ನಾಲ್ಕು ದಿನದ ನಂತರ ಸ್ಕಾಟ್ ಸಿಂಪ್ಸನ್ ಜೊತೆ ಸಮಬಲ. ಐದನೇ ದಿನ ಇಡೀ 18 ಹೋಲ್‌ಗಳ ಪ್ಲೇಆಫ್. ಸಿಂಪ್ಸನ್ 77, ಪೇನ್ 75. ಎರಡನೇ ಮೇಜರ್.

ಅಲ್ಲಿಂದ ಮುಂದೆ ಇಳಿಜಾರು. ದೊಡ್ಡ ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿ, ಕೈಗೆ ಪಳಗಿದ್ದ ಕೋಲುಗಳನ್ನೂ ಚೆಂಡನ್ನೂ ಬದಲಿಸಿದರು. ಆಟ ಕೈಕೊಟ್ಟಿತು. 1994ರಲ್ಲಿ ಗಳಿಕೆಯ ಪಟ್ಟಿಯಲ್ಲಿ ನೂರರ ಆಚೆಗೆ ಬಿದ್ದರು. ಹಣಕ್ಕಾಗಿ ಹತಾರ ಬದಲಿಸಿದ ಬಡಗಿಯ ಪಾಡು. ಅದೇ ಸುಮಾರಿಗೆ ತಮಗೆ ಏಕಾಗ್ರತೆಯ ಕೊರತೆಯ ಸಮಸ್ಯೆ ಇದೆ ಎಂದು ವೈದ್ಯರಿಂದ ಗೊತ್ತಾಯಿತು. 1991ರಿಂದ 1999ರ ನಡುವೆ ಪಿಜಿಎ ಟೂರ್‌ನಲ್ಲಿ ಗೆದ್ದದ್ದು ಒಂದೇ ಒಂದು, 1995ರ ಹೂಸ್ಟನ್ ಓಪನ್.

ಅಪ್ಪ ಆಡಿದ್ದ ಅಂಗಳದಲ್ಲಿ

1998ರ ಯುಎಸ್ ಓಪನ್ ಬಂತು. ಸ್ಥಳ, ಸ್ಯಾನ್ ಫ್ರಾನ್ಸಿಸ್ಕೋದ ಒಲಿಂಪಿಕ್ ಕ್ಲಬ್. ಹೌದು, 43 ವರ್ಷದ ಹಿಂದೆ ಅಪ್ಪ ಬಿಲ್ ಆಡಿದ್ದ ಅದೇ ಅಂಗಳ! ಮೂರು ದಿನ ಮುಗಿದಾಗ ಪೇನ್‌ಗೆ ನಾಲ್ಕು ಹೊಡೆತದ ಮುನ್ನಡೆ. ಕೊನೆಯ ದಿನ ಅಮೆರಿಕದಲ್ಲಿ ಅಪ್ಪಂದಿರ ದಿನ. ಸಿನಿಮಾದವರು ಬರೆದಿದ್ದರೆ ಗೆಲುವು ಖಚಿತವಿತ್ತು.

ಆದರೆ 12ನೇ ಹೋಲ್‌ನಲ್ಲಿ ಅಂಗಳದ ನಟ್ಟನಡುವೆ ಬಿದ್ದ ಅವರ ಚೆಂಡು ಯಾರೋ ಹಿಂದೆ ಹೊಡೆದು ಕಿತ್ತ ಹುಲ್ಲಿನ ಗುಂಡಿಯಲ್ಲಿ, ಅದಕ್ಕೆ ತುಂಬಿದ್ದ ಮರಳಿನ ಮೇಲೆ ಹೋಗಿ ಕೂತಿತು. ಯೋಚಿಸುತ್ತಾ ನಿಂತದ್ದಕ್ಕೆ ನಿಧಾನದ ಆಟ ಎಂಬ ಎಚ್ಚರಿಕೆ ಬೇರೆ. ದಿನದ ಕೊನೆಗೆ ಲೀ ಜಾನ್ಸನ್ ಒಂದು ಹೊಡೆತದಿಂದ ಗೆದ್ದರು. 1993ರ ಯುಎಸ್ ಓಪನ್‌ನಲ್ಲೂ ಪೇನ್‌ರನ್ನು ಎರಡನೇ ಸ್ಥಾನಕ್ಕೆ ತಳ್ಳಿದ್ದು ಇದೇ ಜಾನ್ಸನ್. ಈ ಬಾರಿ ಪೇನ್ ಸಿಡುಕಲಿಲ್ಲ. ಗೆದ್ದವರ ಕೈ ಕುಲುಕಿ, ಪತ್ರಕರ್ತರ ಪ್ರಶ್ನೆಗಳಿಗೆಲ್ಲ ಸಮಾಧಾನವಾಗಿ ಉತ್ತರಿಸಿದರು. ಒಂಬತ್ತು ವರ್ಷ ಹಿಂದಿನ ಪೇನ್ ನೋಡಿದ್ದವರಿಗೆ ಇದು ಬೇರೆ ಮನುಷ್ಯ ಎನಿಸಿತು. ಹೆಂಡತಿ ಟ್ರೇಸಿ, ಮಗಳು ಚೆಲ್ಸಿ, ಮಗ ಆರನ್, ಬೆಳೆಯುತ್ತಿದ್ದ ದೈವಶ್ರದ್ಧೆ, ಎಲ್ಲವೂ ಸೇರಿ ಅವರನ್ನು ಮೆತ್ತಗಾಗಿಸಿದ್ದವು.

ಪೈನ್‌ಹರ್ಸ್ಟ್‌ನ ಹದಿನೈದು ಅಡಿ

ಒಂದು ವರ್ಷದ ನಂತರ, 1999ರ ಜೂನ್ 20. ಮತ್ತೆ ಅಪ್ಪಂದಿರ ದಿನ, ಮತ್ತೆ ಯುಎಸ್ ಓಪನ್. ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್‌ನಲ್ಲಿ ಮಂಜು, ತುಂತುರು, ಚಳಿ. ಮಳೆಕೋಟಿನ ತೋಳು ಹೊಡೆತಕ್ಕೆ ಅಡ್ಡಬರುತ್ತದೆಂದು ಪೇನ್ ಕತ್ತರಿ ತರಿಸಿ ಎರಡೂ ತೋಳು ಕತ್ತರಿಸಿಕೊಂಡು ಅಂಗಳಕ್ಕಿಳಿದರು.

ಎದುರಿಗೆ ಫಿಲ್ ಮಿಕೆಲ್ಸನ್. ಆಗಿನ್ನೂ ಒಂದೂ ಮೇಜರ್ ಗೆಲ್ಲದ 29ರ ಯುವಕ. ಮಿಕೆಲ್ಸನ್ ಪತ್ನಿ ಎಮಿ ತುಂಬು ಗರ್ಭಿಣಿ. ಹೆರಿಗೆ ನೋವಿನ ಸುದ್ದಿ ಬಂದರೆ ಆಟ ಬಿಟ್ಟು ಹೊರಡುವುದೆಂದು ಅವರು ಪೇಜರ್ ಇಟ್ಟುಕೊಂಡೇ ಆಡುತ್ತಿದ್ದರು. ಹಿಂದೆಯೇ ಟೈಗರ್ ವುಡ್ಸ್, ಭಾರತ ಮೂಲದ ಫಿಜಿಯ ವಿಜಯ್ ಸಿಂಗ್.

16ನೇ ಹೋಲ್‌ನಲ್ಲಿ ಪೇನ್ ಸುಮಾರು 25 ಅಡಿ ದೂರದ ಪಟ್ ಹಾಕಿ ಪಾರ್ ಉಳಿಸಿಕೊಂಡರು. 17ರಲ್ಲಿ ಬರ್ಡಿ ಬಂತು, ಒಂದು ಹೊಡೆತದ ಮುನ್ನಡೆ. ಕೊನೆಯ ಹೋಲ್‌ನಲ್ಲಿ ಮೊದಲ ಹೊಡೆತ ಒದ್ದೆ ಹುಲ್ಲಿಗೆ ಬಿತ್ತು. ನೇರ ಗ್ರೀನ್‌ಗೆ ಹೊಡೆಯುವ ಹುಚ್ಚು ಸಾಹಸ ಬಿಟ್ಟು, ಚೆಂಡನ್ನು ಫೇರ್‌ವೇಗೆ ತಂದು, ಅಲ್ಲಿಂದ ಮೇಲೆ ಹೊಡೆದರು. ಉಳಿದದ್ದು 15 ಅಡಿ. ಹಾಕಿದರೆ ಕಪ್, ತಪ್ಪಿದರೆ ಮಿಕೆಲ್ಸನ್ ಜೊತೆ ಮರುದಿನ ಮತ್ತೆ 18 ಹೋಲ್.

ಚೆಂಡು ಹತ್ತುತ್ತಾ ಹೋಗಿ ಗುಳಿಯೊಳಗೆ ಬಿತ್ತು. ಪೇನ್ ಒಂದು ಕಾಲು ಹಿಂದಕ್ಕೆ ಚಾಚಿ, ಬಲಗೈ ಮುಷ್ಟಿಯನ್ನು ಗಾಳಿಗೆ ಗುದ್ದಿದರು. ಯುಎಸ್ ಓಪನ್‌ನ ಕೊನೆಯ ಹೋಲ್‌ನಲ್ಲಿ ಅಷ್ಟು ದೂರದ ಪಟ್ ಹಾಕಿ ಗೆದ್ದವರು ಆವರೆಗೆ ಇರಲಿಲ್ಲ.

ಅದಕ್ಕಿಂತ ಹೆಚ್ಚು ಜನ ನೆನಪಿಟ್ಟುಕೊಂಡದ್ದು ಮುಂದಿನ ಕ್ಷಣವನ್ನು. ಕ್ಯಾಡಿಯನ್ನು ಅಪ್ಪಿಕೊಂಡ ಮೇಲೆ ಪೇನ್ ನೇರ ಮಿಕೆಲ್ಸನ್ ಬಳಿ ಹೋಗಿ, ಅವರ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ನೀನು ಅಪ್ಪನಾಗುತ್ತಿದ್ದೀಯ, ಅದಕ್ಕಿಂತ ದೊಡ್ಡದು ಇಲ್ಲ ಎಂಬರ್ಥದ ಮಾತು ಹೇಳಿದರು. ಮರುದಿನವೇ ಮಿಕೆಲ್ಸನ್‌ಗೆ ಹೆಣ್ಣು ಮಗು ಹುಟ್ಟಿತು. ಪ್ಲೇಆಫ್ ಆಗಿದ್ದರೆ ಅಪ್ಪ ಅಂದು ಅಂಗಳದಲ್ಲಿರಬೇಕಿತ್ತು!

ಆ ಸೆಪ್ಟೆಂಬರ್‌ನಲ್ಲಿ ಬ್ರೂಕ್‌ಲೈನ್‌ನಲ್ಲಿ ಅಮೆರಿಕ-ಯುರೋಪ್ ನಡುವಿನ ರೈಡರ್ ಕಪ್. ಪ್ರೇಕ್ಷಕರು ಸ್ಕಾಟ್ಲೆಂಡ್‌ನ ಕಾಲಿನ್ ಮಾಂಟ್ಗೊಮರಿಯವರನ್ನು ದಿನವಿಡೀ ಹೀಯಾಳಿಸಿದರು. ಅವರ ಎದುರಾಳಿ ಪೇನ್ ಅಂಥವರನ್ನು ಹೊರಹಾಕಿಸಲು ಯತ್ನಿಸಿದರು. ಕಪ್ ಅಮೆರಿಕಕ್ಕೆ ಖಚಿತವಾದ ಮೇಲೆ ಕೊನೆಯ ಹೋಲ್‌ನಲ್ಲಿ ಎದುರಾಳಿಯ ಪಟ್ ಅನ್ನು ಬಿಟ್ಟುಕೊಟ್ಟು, ತಮ್ಮ ಪಂದ್ಯವನ್ನು ತಾವೇ ಸೋತರು.

ಉತ್ತರ ಕೊಡದ ವಿಮಾನ

1999ರ ಅಕ್ಟೋಬರ್ 25, ಸೋಮವಾರ. ಬೆಳಗ್ಗೆ ಒರ್ಲಾಂಡೋದಿಂದ ಡಲ್ಲಾಸ್‌ಗೆ ಒಂದು ಪುಟ್ಟ ಲಿಯರ್‌ಜೆಟ್ ಹೊರಟಿತು. ಪೇನ್ ಸೇರಿ ನಾಲ್ವರು ಪ್ರಯಾಣಿಕರು, ಇಬ್ಬರು ಪೈಲಟ್‌ಗಳು. ಡಲ್ಲಾಸ್‌ನಲ್ಲಿ ಕೆಲಸ ಮುಗಿಸಿ ಹೂಸ್ಟನ್‌ಗೆ ಹೋಗುವುದಿತ್ತು. ಅಲ್ಲಿ ಟೂರ್ ಚಾಂಪಿಯನ್‌ಷಿಪ್.

ಹೊರಟ ಕೆಲವೇ ನಿಮಿಷದಲ್ಲಿ ವಿಮಾನದಿಂದ ಉತ್ತರ ನಿಂತುಹೋಯಿತು. ಅದು ಪಶ್ಚಿಮಕ್ಕೆ ತಿರುಗಬೇಕಾದಲ್ಲಿ ತಿರುಗಲಿಲ್ಲ. ಆಟೋಪೈಲಟ್ ಮೇಲೆ ವಾಯವ್ಯದ ಕಡೆ ನೇರ ಹಾರುತ್ತಲೇ ಹೋಯಿತು, ಮೇಲೇರುತ್ತಲೇ ಹೋಯಿತು. ವಾಯುಪಡೆಯ ಎಫ್-16 ಯುದ್ಧವಿಮಾನಗಳು ಪಕ್ಕಕ್ಕೆ ಹಾರಿ ನೋಡಿದರೆ ಕಿಟಕಿಗಳಿಗೆಲ್ಲ ಮಂಜು ಕಟ್ಟಿತ್ತು. ಒಳಗೆ ಯಾವ ಚಲನೆಯೂ ಕಾಣಲಿಲ್ಲ. ಸುದ್ದಿವಾಹಿನಿಗಳು ನೇರ ಪ್ರಸಾರ ಮಾಡುತ್ತಿದ್ದವು. ಸುಮಾರು ನಾಲ್ಕು ಗಂಟೆ, ಸುಮಾರು 2,400 ಕಿಲೋಮೀಟರ್. ಇಂಧನ ಮುಗಿದ ವಿಮಾನ ದಕ್ಷಿಣ ಡಕೋಟಾದ ಮೈನಾ ಎಂಬ ಪುಟ್ಟ ಊರಿನ ಬಳಿ ಹೊಲವೊಂದಕ್ಕೆ ಬಿತ್ತು. ಆರು ಜನರಲ್ಲಿ ಯಾರೂ ಉಳಿಯಲಿಲ್ಲ. ಪೇನ್‌ಗೆ 42 ವರ್ಷ.

ವಿಮಾನದೊಳಗಿನ ಗಾಳಿಯ ಒತ್ತಡ ಇಳಿದು, ಆಮ್ಲಜನಕವಿಲ್ಲದೆ ಎಲ್ಲರೂ ಪ್ರಜ್ಞೆ ತಪ್ಪಿದ್ದರು ಎಂದು ತನಿಖೆ ಹೇಳಿತು. ಒತ್ತಡ ಇಳಿದದ್ದೇಕೆ ಎಂಬುದನ್ನು ಮಾತ್ರ ತನಿಖಾಧಿಕಾರಿಗಳಿಗೆ ಖಚಿತವಾಗಿ ಹೇಳಲಾಗಲಿಲ್ಲ.

ಅದೇ ವಾರ ಹೂಸ್ಟನ್‌ನಲ್ಲಿ ಟೂರ್ನಿ ನಡೆಯಿತು. ಮುಂಜಾನೆಯ ಮಂಜಿನಲ್ಲಿ ಬ್ಯಾಗ್‌ಪೈಪ್ ನುಡಿಸಿ ಶ್ರದ್ಧಾಂಜಲಿ ಸಲ್ಲಿಸಿದರು. ಹಲವು ಆಟಗಾರರು ಅವರಂತೆಯೇ ನಿಕ್ಕರ್ ತೊಟ್ಟು ಆಡಿದರು. ಮರುವರ್ಷ ಪೆಬಲ್ ಬೀಚ್‌ನಲ್ಲಿ ಯುಎಸ್ ಓಪನ್ ಶುರುವಾಗುವ ಮುನ್ನ, ಹಾಲಿ ಚಾಂಪಿಯನ್ ಇರಬೇಕಿದ್ದ ಜಾಗದಲ್ಲಿ, ಆಟಗಾರರು ಸಾಲಾಗಿ ನಿಂತು ಪೆಸಿಫಿಕ್ ಸಾಗರಕ್ಕೆ ಚೆಂಡು ಹೊಡೆದು ವಂದನೆ ಸಲ್ಲಿಸಿದರು. 2000ದಿಂದ ಪಿಜಿಎ ಟೂರ್ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. 2001ರಲ್ಲಿ ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೂ ಹೆಸರು ಸೇರಿತು. ಲೆಕ್ಕಕ್ಕೆ ಹೇಳುವುದಾದರೆ ಪಿಜಿಎ ಟೂರ್‌ನಲ್ಲಿ 11 ಗೆಲುವು, ಅದರಲ್ಲಿ ಮೂರು ಮೇಜರ್.

ಅವರು ಬೆಳೆದ ಏಷ್ಯಾ ಗಾಲ್ಫ್ ಸರ್ಕ್ಯೂಟ್ ಕೂಡ 1990ರ ದಶಕದ ಕೊನೆಗೆ ಕಣ್ಮರೆಯಾಯಿತು. ಹೊಸ ಏಷ್ಯನ್ ಟೂರ್ ಅದರ ಜಾಗಕ್ಕೆ ಬಂತು. ಇಂಡಿಯನ್ ಓಪನ್ ಉಳಿದಿದೆ. 1991ರಲ್ಲಿ ಅದನ್ನು ಗೆದ್ದು ಕಪ್ಪನ್ನು ಮತ್ತೆ ಭಾರತೀಯರ ಕೈಗೆ ತಂದ ಅಲಿ ಶೇರ್, ದೆಹಲಿ ಗಾಲ್ಫ್ ಕ್ಲಬ್ಬಿನ ಕ್ಯಾಡಿಗಳ ನಡುವಿನಿಂದ ಬಂದವರು.

ಪೈನ್‌ಹರ್ಸ್ಟ್‌ನ 18ನೇ ಗ್ರೀನ್ ಪಕ್ಕ ಈಗ ಕಂಚಿನ ಪೇನ್ ನಿಂತಿದ್ದಾರೆ, ಒಂದು ಕಾಲು ಹಿಂದಕ್ಕೆ, ಮುಷ್ಟಿ ಮುಂದಕ್ಕೆ. 2024ರಲ್ಲಿ ಅದೇ ಅಂಗಳದಲ್ಲಿ ಯುಎಸ್ ಓಪನ್ ಗೆದ್ದವರು ಬ್ರೈಸನ್ ಡಿಶಾಂಬೋ. ಪೇನ್ ಓದಿದ ವಿಶ್ವವಿದ್ಯಾಲಯದಲ್ಲೇ ಓದಿದವರು. ಚಿಕ್ಕಂದಿನಿಂದ ಪೇನ್ ಅಭಿಮಾನಿ. ಬಹಳ ವರ್ಷ ಅವರು ತಲೆಗೆ ಹಾಕಿಕೊಂಡು ಆಡಿದ್ದೂ ಅಂಥದೇ ಒಂದು ಚಪ್ಪಟೆ ಟೋಪಿ.